ಅರ್ಧ ಕೇಳಿದ ವಾದ

ಈಕೆಯೇ ಕೈಯಾಡಿಸಿರಬಹುದೇ? ಇನ್ಸ್‌ಪೆಕ್ಟರ್ ಆ ಯೋಚನೆಯನ್ನು ಒಮ್ಮೆ ತಳ್ಳಿಹಾಕಿದರು. ಅದು ಮತ್ತೆ ಬಂದು ಬೆಂಚಿನ ಮೇಲೆ ಅವರ ಪಕ್ಕದಲ್ಲೇ ಕುಳಿತಿತು. ಇಷ್ಟು ಹೆಸರಿರುವ ಬ್ಯಾರಿಸ್ಟರ್ ತಮ್ಮ ಕಕ್ಷಿದಾರರ ಸಾಕ್ಷ್ಯವನ್ನೇ ಮಾಯಮಾಡುತ್ತಾರೆಯೇ? ಇಲ್ಲ ಎನ್ನೋಣವೆಂದರೆ, ಅರ್ಧ ತೆರೆದ ಬಾಗಿಲಿನಾಚೆ ಕೇಳಿಸುತ್ತಿರುವುದು ಏನು?

“ಮುಚ್ಚಳ ಒಡೆದದ್ದು ಎರಕದ ದೋಷದಿಂದಲೇ, ಮಾನ್ಯ ನ್ಯಾಯಾಧೀಶರೇ. ಒಡೆದ ಜಾಗದಲ್ಲಿ ಗಾಳಿಗುಳ್ಳೆ ಇದೆ. ಆ ಗುಳ್ಳೆ ಬಿಟ್ಟ ಕೈಯೇ ಈ ನಷ್ಟಕ್ಕೆ ಹೊಣೆ.”

ದನಿ ಬ್ಯಾರಿಸ್ಟರ್ ಮೇಡಂ ಅವರದೇ. ಮಾತು ಮಾತ್ರ ಎದುರಾಳಿಯದು.

ದೂರು ಠಾಣೆಗೆ ಬಂದದ್ದು ಅದೇ ದಿನ, ಮಂಗಳವಾರ ಬೆಳಿಗ್ಗೆ ಒಂಬತ್ತೂಕಾಲಿಗೆ. ತಂದವರು ಬ್ಯಾರಿಸ್ಟರ್ ಕಚೇರಿಯ ಗುಮಾಸ್ತರು. ಒಂದು ಸಣ್ಣ ಎರಕದ ಕಾರ್ಖಾನೆ ನೀರಿನ ಕೊಳವೆಗಳಿಗೆ ಕಬ್ಬಿಣದ ವಾಲ್ವ್ ಮಾಡಿಕೊಡುತ್ತಿತ್ತು. ದೊಡ್ಡ ಕಂಪನಿಯೊಂದರ ಗೋದಾಮಿನಲ್ಲಿ ಅಂಥದ್ದೊಂದು ವಾಲ್ವಿನ ಮುಚ್ಚಳ ಒಡೆದು ಸರಕೆಲ್ಲ ನೀರುಪಾಲಾಗಿತ್ತು. ಕಂಪನಿ ಪರಿಹಾರಕ್ಕೆ ದಾವೆ ಹೂಡಿತ್ತು. ಸೋತರೆ ಕಾರ್ಖಾನೆಗೆ ಬೀಗವೇ ಗತಿ. ಒಡೆದ ಮುಚ್ಚಳವನ್ನು ನ್ಯಾಯಾಲಯದ ಅಪ್ಪಣೆಯಂತೆ ಕಾರ್ಖಾನೆಯ ಪರ ವಾದಿಸುವ ಈ ಕಚೇರಿಯಲ್ಲಿ ಇಡಲಾಗಿತ್ತು. ಬುಧವಾರ ಎರಡೂ ಕಡೆಯವರ ಎದುರು ಅದರ ತಪಾಸಣೆ. ಬೆಳಿಗ್ಗೆ ನೋಡಿದರೆ ಕಪಾಟು ಖಾಲಿ.

ಎಫ್‌ಐಆರ್ ದಾಖಲಾಯಿತು. ಪಂಚನಾಮೆಯಲ್ಲಿ ಹೆಡ್ ಕಾನ್‌ಸ್ಟೆಬಲ್ ಬರೆದದ್ದಿಷ್ಟು: ಹೊರಕೋಣೆಯಲ್ಲಿ ಉಕ್ಕಿನ ಕಪಾಟು, ಬೀಗ ಮುರಿದಿಲ್ಲ, ಕಿಟಕಿಗಳು ಭದ್ರ, ಬೆಂಚಿನ ಮೇಲೆ ಕಪ್ಪು ಧೂಳು.

“ಕೊನೆಗೆ ನೋಡಿದ್ದು ಯಾವಾಗ?” ಇನ್ಸ್‌ಪೆಕ್ಟರ್ ಗುಮಾಸ್ತರನ್ನು ಕೇಳಿದ್ದರು.

“ನಿನ್ನೆ ಸಂಜೆ ಸಾರ್. ಆಮೇಲೆ ಅಮ್ಮಾವ್ರ ಜೊತೆ ಒಳಗೆ ಕೆಲಸ ಇತ್ತು.”

“ಕೀಲಿ?”

“ಕಪಾಟಲ್ಲೇ ಇತ್ತು.” ಗುಮಾಸ್ತರು ತಲೆ ತಗ್ಗಿಸಿದರು. “ಹಗಲು ಹೊತ್ತು ಅಲ್ಲೇ ಇರುತ್ತೆ. ಹೋಗುವಾಗ ಒಳಗೆ ನೋಡದೇ ಬೀಗ ಹಾಕ್ಬಿಟ್ಟೆ.”

“ಹೊರಗೆ ಯಾರಿದ್ದರು?”

“ಒಳಗೆ ಹೋಗುವಾಗ ಯಾರೂ ಇರಲಿಲ್ಲ. ಬಂದಾಗಲೂ ಯಾರೂ ಇರಲಿಲ್ಲ.”

“ಕಂಪನಿಯವರದೇ ಕೈ ಸಾರ್, ಕಣ್ಣು ಮುಚ್ಚಿ ಹೇಳ್ತೀನಿ,” ಎಂದಿದ್ದರು ಹೆಡ್ ಕಾನ್‌ಸ್ಟೆಬಲ್.

“ಕಣ್ಣು ಬಿಟ್ಟುಕೊಂಡು ಹೇಳ್ರಿ. ಗುಳ್ಳೆ ಇರೋ ಮುಚ್ಚಳವೇ ಅವರ ಬಲ. ಅದನ್ನ ಅವರೇ ಯಾಕೆ ಕದೀತಾರೆ?”

ಮಧ್ಯಾಹ್ನ ಬ್ಯಾರಿಸ್ಟರರನ್ನೇ ವಿಚಾರಿಸಲು ಇನ್ಸ್‌ಪೆಕ್ಟರ್ ಮತ್ತೆ ಬಂದಿದ್ದರು. “ಮುಚ್ಚಳ ಕಳೆದಿದೆ ಅಂತ ನಾಳೆಯ ಕೇಸು ಕಾಯೋದಿಲ್ಲ. ಇದೊಂದು ಮುಗಿಸ್ತೀನಿ, ಕೂತಿರಿ,” ಎಂದು ಆಕೆ ಗುಮಾಸ್ತರನ್ನು ಕರೆದುಕೊಂಡು ಒಳಗೆ ಹೋಗಿದ್ದರು.

ಈಗ ಕೇಳಿಸುತ್ತಿದ್ದ ವಾದದಲ್ಲಿ ಕೋಪವಿರಲಿಲ್ಲ, ಆಡಂಬರವಿರಲಿಲ್ಲ. ಕಲ್ಲಿನ ಮೇಲೆ ಕಲ್ಲಿಟ್ಟು ಗೋಡೆ ಎಬ್ಬಿಸಿದಂತೆ ಮಾತು ಏರುತ್ತಿತ್ತು. ಕಾರ್ಖಾನೆಯವರು ನುಸುಳಲು ಒಂದು ಕಿಂಡಿಯೂ ಉಳಿಯಲಿಲ್ಲ. ಕಚೇರಿ ಬ್ಯಾರಿಸ್ಟರರದು, ಕೀಲಿ ಅವರದು, ಬಾಯಲ್ಲಿ ಎದುರಾಳಿಯ ಮಾತು. ಇನ್ನೇನು ಬೇಕು? ಇನ್ಸ್‌ಪೆಕ್ಟರ್ ಎದ್ದರು. ಠಾಣೆಗೆ ಹೋಗಿ ಆಕೆಯ ಹೆಸರಿಗೆ ನೋಟಿಸು ಬರೆಸುವುದೆಂದು ಮೆಟ್ಟಿಲ ತನಕ ನಡೆದರು.

ಹೆಡ್ ಕಾನ್‌ಸ್ಟೆಬಲ್ ಎರಡೂ ಕೈಯಲ್ಲಿ ಚಹಾದ ಲೋಟ ಹಿಡಿದು ಮೇಲೆ ಬರುತ್ತಿದ್ದರು.

“ಎಲ್ಲಿಗೆ ಸಾರ್? ಸುಡ್ತಾ ಇದೆ, ಬೇಗ ಹಿಡೀರಿ.”

ಲೋಟ ಹಿಡಿದುಕೊಂಡು ಮೆಟ್ಟಿಲಿಳಿಯುವುದು ಚೆನ್ನಲ್ಲ. ಇನ್ಸ್‌ಪೆಕ್ಟರ್ ಮರಳಿ ಬೆಂಚಿನ ಮೇಲೆ ಕುಳಿತರು.

ಒಳಗೆ ಕುರ್ಚಿ ಸರಿದ ಸದ್ದು. ಗುಮಾಸ್ತರ ಗಂಭೀರ ದನಿ: “ವಾದಿಗಳದ್ದು ಕೇಳಿದ್ದಾಯಿತು. ಪ್ರತಿವಾದಿಗಳು ಏನು ಹೇಳುತ್ತೀರಿ?”

ಆಮೇಲೆ ಅದೇ ಹೆಣ್ಣುದನಿ, ಕೋಣೆಯ ಇನ್ನೊಂದು ಬದಿಯಿಂದ.

“ಗುಳ್ಳೆ ಇದೆ, ಒಪ್ಪುತ್ತೇನೆ. ಆದರೆ ಬಿರುಕು ಶುರುವಾದದ್ದು ಅಲ್ಲಿ ಅಲ್ಲ. ಬೋಲ್ಟಿನ ತೂತಿನ ಬಳಿ ತುಕ್ಕು ದಪ್ಪಗಿದೆ, ಹಳೆಯದು. ಗುಳ್ಳೆಯ ಬಳಿ ತೆಳ್ಳಗಿದೆ, ಹೊಸದು. ಬೋಲ್ಟನ್ನು ಓರೆಯಾಗಿ ಬಿಗಿದವರು ಕಂಪನಿಯ ಕೆಲಸಗಾರರು. ಬಿರುಕು ಅಲ್ಲಿ ಹುಟ್ಟಿ, ಗುಳ್ಳೆಯನ್ನು ಮುಟ್ಟಿದ್ದು ಕೊನೆಗೆ.”

ಎದ್ದಿದ್ದ ಗೋಡೆಯನ್ನು ಆಕೆ ಒಡೆಯಲಿಲ್ಲ. ಅಡಿಗಲ್ಲನ್ನು ಮೆಲ್ಲಗೆ ಎಳೆದರು, ಅಷ್ಟೆ. ಇನ್ಸ್‌ಪೆಕ್ಟರರ ಕೈಯಲ್ಲಿ ಚಹಾ ಆರಿತು.

“ಏನ್ರೀ ಇದು ನಾಟಕ?” ಹೊರಬಂದ ಗುಮಾಸ್ತರನ್ನು ಅವರು ಕೇಳಿದರು.

“ಅಮ್ಮಾವ್ರ ಪದ್ಧತಿ ಸಾರ್. ಮೊದಲು ಎದುರಾಳಿಯನ್ನ ಮನಸಾರೆ ಗೆಲ್ಲಿಸ್ತಾರೆ, ಆಮೇಲೆ ಸೋಲಿಸ್ತಾರೆ. ಒಳಗೆ ನಾನೇ ಜಡ್ಜು. ಸಂಬಳ ಮಾತ್ರ ಗುಮಾಸ್ತಂದು.”

ಬ್ಯಾರಿಸ್ಟರ್ ಹಿಂದೆಯೇ ಬಂದರು. “ಅವರ ಮಾತನ್ನ ಅವರಿಗಿಂತ ಚೆನ್ನಾಗಿ ಹೇಳೋಕೆ ಬರದಿದ್ರೆ ಕೇಸು ನನಗೆ ಅರ್ಥವಾಗಿಲ್ಲ ಅಂತಲೇ ಲೆಕ್ಕ. ಆದ್ರೆ ಫೋಟೋದಲ್ಲಿ ತುಕ್ಕಿನ ದಪ್ಪ ಕಾಣೋದಿಲ್ಲ. ಆ ಮುಚ್ಚಳ ನನಗೆ ಬೇಕೇ ಬೇಕು.”

“ನಿನ್ನೆ ಸಂಜೆಯೂ ಹೀಗೇ ನಡೀತಾ?”

“ಹೀಗೇ. ಬಾಗಿಲೂ ಹೀಗೇ ಇತ್ತು. ಮುಚ್ಚಿದ್ರೆ ನನಗೆ ಉಸಿರು ಕಟ್ಟುತ್ತೆ.”

ಇನ್ಸ್‌ಪೆಕ್ಟರ್ ಎದ್ದು ನಿಂತರು. ಹೆಡ್ ಕಾನ್‌ಸ್ಟೆಬಲ್ ನಗು ನುಂಗಿದರು. “ಸಾರ್, ಪ್ಯಾಂಟಿನ ಹಿಂದೆ... ಪಂಚನಾಮೆಯ ಕಪ್ಪು ಧೂಳು ಅಂಟಿಕೊಂಡಿದೆ.”

ಕೊಡವಿದಾಗ ಬೆರಳಿಗೆ ಸಿಕ್ಕಿದ್ದು ಧೂಳಲ್ಲ, ಮಸಿ ಬೆರೆತ ನುಣ್ಣನೆಯ ಮರಳು. ಬ್ಯಾರಿಸ್ಟರ್ ಕನ್ನಡಕ ಹಾಕಿಕೊಂಡು ನೋಡಿದರು.

“ಕಾರ್ಖಾನೆಗೆ ಹೋಗಿದ್ದಾಗ ನನ್ನ ಚಪ್ಪಲಿಗೂ ಇದೇ ಅಂಟಿತ್ತು. ಅಚ್ಚು ಕಟ್ಟೋ ಮರಳು. ಅಲ್ಲಿ ಅಚ್ಚು ಕಟ್ಟೋನು ಒಡತಿಯ ತಮ್ಮ.” ಆಕೆ ಬೆಂಚಿನಿಂದ ಅರ್ಧ ತೆರೆದ ಬಾಗಿಲಿನತ್ತ ನೋಡಿದರು. “ಅಯ್ಯೋ. ಅರ್ಧಕ್ಕೇ ಎದ್ದುಬಿಟ್ಟನೇ?”

ಇನ್ಸ್‌ಪೆಕ್ಟರ್ ಕಾರ್ಖಾನೆ ತಲುಪಿದಾಗ ಕುಲುಮೆ ಉರಿಯುತ್ತಿತ್ತು. ತಮ್ಮ ಅದರ ಮುಂದೆ ಕುಕ್ಕರಗಾಲಲ್ಲಿ ಕುಳಿತಿದ್ದ. ಮಡಿಲಲ್ಲಿ ಬಟ್ಟೆಯ ಗಂಟು.

“ಏನದು?”

“ಮುಚ್ಚಳ.”

“ಕರಗಿಸೋಕೆ ತಂದೆಯಾ?”

“ಬೆಳಿಗ್ಗೆಯಿಂದ ಈಗ ಹಾಕ್ತೀನಿ, ಈಗ ಹಾಕ್ತೀನಿ ಅಂತಲೇ ಕೂತಿದೀನಿ. ನಾನೇ ಎರಕ ಹೊಯ್ದದ್ದು ಸಾರ್. ಕೈ ಬರಲಿಲ್ಲ.”

“ನಿನ್ನೆ ಅಲ್ಲಿಗೆ ಯಾಕೆ ಹೋಗಿದ್ದೆ?”

“ತಪಾಸಣೆಗೆ ಎಷ್ಟು ಹೊತ್ತಿಗೆ ಬರಬೇಕು ಅಂತ ಕೇಳೋಕೆ.”

ಒಡತಿ ಓಡಿ ಬಂದರು. “ಲೋ, ತಲೆ ನೆಟ್ಟಗಿದೆಯೇನೋ ನಿಂಗೆ? ನಮಗಿರೋದೇ ಅದೊಂದು ಆಧಾರ!”

“ನಮ್ಮ ಲಾಯರಮ್ಮನೇ ನನ್ನ ಕೈಯ ತಪ್ಪು ಅಂತಿದ್ರು, ಅಕ್ಕ. ನಾಳೆ ನಿನ್ನ ಎದುರಿಗೂ ಅದನ್ನೇ ಹೇಳೋರಿದ್ರು.”

ಅಕ್ಕ ಬೈಯುವುದನ್ನು ಬಿಟ್ಟು ಅವನ ಪಕ್ಕ ಕುಳಿತರು. ಮುಚ್ಚಳವನ್ನು ಪಂಚರ ಎದುರು ವಶಪಡಿಸಿಕೊಂಡು, ಮೊಹರು ಹಾಕಿ, ತಮ್ಮನನ್ನು ಬಂಧಿಸಲಾಯಿತು.

ಸಂಜೆ ಬ್ಯಾರಿಸ್ಟರ್ ಠಾಣೆಗೆ ಬಂದರು. ಇನ್ಸ್‌ಪೆಕ್ಟರ್ ತೋರಿಸಿದ ಕುರ್ಚಿಯನ್ನು ಎತ್ತಿ ಲಾಕಪ್ಪಿನ ಸರಳುಗಳ ಮುಂದೆ ಹಾಕಿಕೊಂಡರು.

“ಅರ್ಧಕ್ಕೇ ಎದ್ದು ಹೋದೆಯಲ್ಲಪ್ಪ. ಉಳಿದರ್ಧ ಕೇಳು.”

ಆಮೇಲೆ, ಮಸಿ ಮೆತ್ತಿದ ಅಂಗಿಯ ಆ ಒಬ್ಬನ ಮುಂದೆ, ನ್ಯಾಯಪೀಠದ ಎದುರು ನಿಂತಷ್ಟೇ ಗೌರವದಿಂದ, ಒಂದು ಮಾತೂ ಬಿಡದೆ ವಾದಿಸಿದರು. ಫೋನು ಹೊಡೆದುಕೊಂಡಿತು. ಹೆಡ್ ಕಾನ್‌ಸ್ಟೆಬಲ್ ಎತ್ತಿ, ಆಮೇಲೆ ಮಾಡಿ ಎಂದು ಇಟ್ಟರು.

“ಗುಳ್ಳೆ ಇದ್ದದ್ದಂತೂ ನಿಜ ತಾನೇ ಅಮ್ಮ?”

“ನಿಜ. ಗುಳ್ಳೆ ನಿನ್ನದು. ಒಡೆದದ್ದು ನಿನ್ನದಲ್ಲ.”

ಅವನು ತನ್ನ ಅಂಗೈಗಳನ್ನು ತಿರುಗಿಸಿ ನೋಡಿಕೊಂಡ.

ಬುಧವಾರ ನ್ಯಾಯಾಲಯದ ಅನುಮತಿಯೊಂದಿಗೆ ಮೊಹರು ತೆಗೆದು ತಪಾಸಣೆ ನಡೆಯಿತು. ಕಂಪನಿಯ ಇಂಜಿನಿಯರು ಭೂತಗನ್ನಡಿಯನ್ನು ಬೋಲ್ಟಿನ ತೂತಿನ ಮೇಲೆ ಹಿಡಿದವರು ಬಹಳ ಹೊತ್ತು ತಲೆಯೆತ್ತಲಿಲ್ಲ. ಆರೋಪಪಟ್ಟಿಯಲ್ಲಿ ಕಾರಣ ಎಂಬಲ್ಲಿ ಇನ್ಸ್‌ಪೆಕ್ಟರ್ ಬರೆಸಿದರು: ಅಕ್ಕನ ಎದುರು ತನ್ನ ಕೈ ಕೆಟ್ಟದ್ದೆನಿಸಿಕೊಳ್ಳುವ ಭಯ.

ಆ ಮಧ್ಯಾಹ್ನ ತಾನೂ ಅರ್ಧಕ್ಕೇ ಎದ್ದಿದ್ದೆ, ತಿರುಗಿ ಕೂರಿಸಿದ್ದು ಒಂದು ಲೋಟ ಚಹಾ ಎಂಬುದನ್ನು ಅವರು ಬ್ಯಾರಿಸ್ಟರರಿಗೆ ಎಂದೂ ಹೇಳಲಿಲ್ಲ.