ಅವನು ಉಗಿದ ಗುಟುಕು

"ಕೈ ತೆಗೀರಿ ಮೇಡಂ. ನನ್ನ ಜೇಬಿಗೆ ಬೇಕಾದ್ರೆ ಕೈ ಹಾಕಿ, ನನ್ನ ಬೆಂಕಿಗೆ ಮಾತ್ರ ಹಾಕಬೇಡಿ."

ನಿಬಿಯಾಳ ಕೈಯಲ್ಲಿದ್ದ ಇಕ್ಕಳ ಅಲ್ಲೇ ನಿಂತಿತು. ಇನ್ನೊಬ್ಬರು ಮಾಂಸ ಸುಡುವಾಗ ನಡುವೆ ಕೈ ಹಾಕಬಾರದೆಂದು ಉರುಗ್ವೆಯಲ್ಲಿ ಹಾಲುಗಲ್ಲದ ಮಗುವಿಗೂ ಗೊತ್ತು. ಅವಳಿಗೂ ಗೊತ್ತಿತ್ತು. ಆದರೆ ಪಕ್ಕೆಯ ತುಂಡು ಕಣ್ಣೆದುರೇ ಕರಕಲಾಗುತ್ತಿರುವಾಗ ಸುಮ್ಮನಿರುವುದು ಅವಳ ಜಾಯಮಾನವಲ್ಲ.

"ಸೀಯ್ತಾ ಇದೆ," ಎಂದಳು ಬಿಗುಮಾನದಿಂದ.

"ಸೀಯ್ತಿಲ್ಲ, ನಾಚ್ಕೊಂಡು ಕೆಂಪಾಗ್ತಿದೆ. ನೀವು ಹಾಗೆ ಗುರಾಯಿಸಿದ್ರೆ ಯಾರಾದ್ರೂ ಕೆಂಪಾಗ್ತಾರೆ."

ಸುತ್ತ ಇದ್ದವರೆಲ್ಲ ನಕ್ಕರು. ನಿಬಿಯಾಳಿಗೆ ಸಿಟ್ಟು ಬರಬೇಕಿತ್ತು… ಬರಲಿಲ್ಲ. ಗಂಡ ಬಿಟ್ಟು ಹೋದ ಮೇಲೆ ಮೂರು ವರ್ಷದಲ್ಲಿ ಮೊದಲ ಸಲ ಅವಳ ಕೆನ್ನೆ ಬಿಸಿಯಾಗಿತ್ತು.

ಅವನ ಹೆಸರು ಎಬೆರ್. ಪೈಸಂದುವಿನ ಬಂದರಿನಲ್ಲಿ ಕ್ರೇನ್ ಓಡಿಸುವವನು, ಭಾನುವಾರ ಬಂತೆಂದರೆ ಓಣಿಯ ಕ್ಲಬ್ಬಿನಲ್ಲಿ ಎಲ್ಲರಿಗೂ ಮಾಂಸ ಸುಡುವವನು. ಅವಳು ಬಟ್ಟೆ ಹೊಲಿಯುವವಳು, ಅದೇ ಓಣಿಗೆ ಹೊಸದಾಗಿ ಬಂದು ಮಿಷನ್ ಇಟ್ಟುಕೊಂಡಿದ್ದಳು. ಇಬ್ಬರೂ ನಲವತ್ತು ದಾಟಿದವರು. ಈ ವಯಸ್ಸಿನಲ್ಲಿ ಪ್ರೀತಿಯೇ ಎಂದು ಕೇಳುವವರು ಕೇಳಿಕೊಳ್ಳಲಿ, ನನಗೇನೂ ಬೇಜಾರಿಲ್ಲ.

ನಮ್ಮದು ಅಂಗೈಯಗಲದ ದೇಶ. ಜನಕ್ಕಿಂತ ದನ ಹೆಚ್ಚು, ಕೆಲಸಕ್ಕಿಂತ ಮಾತು ಹೆಚ್ಚು. ಸುಖವೆಂದರೆ ನಮಗೆ ನದಿ ದಂಡೆಯಲ್ಲಿ ಕುರ್ಚಿ ಹಾಕಿಕೊಂಡು ಕೂರುವುದು. ಕಂಕುಳಲ್ಲಿ ಬಿಸಿನೀರಿನ ಫ್ಲಾಸ್ಕು, ಕೈಯಲ್ಲಿ ಸೋರೆ ಬುರುಡೆ, ಬುರುಡೆಯ ತುಂಬ ಚಹಾದಂಥ ಮಾಟೆ ಸೊಪ್ಪು. ಹೀರುವುದಕ್ಕೆ ಒಂದೇ ಕೊಳವೆ. ಒಬ್ಬರಾದ ಮೇಲೆ ಒಬ್ಬರು ಅದರಲ್ಲೇ ಹೀರಬೇಕು. ನಿನ್ನ ಎಂಜಲು ನನಗೆ ಬೇಡ ಎಂದರೆ, ನೀನೇ ಬೇಡ ಎಂದ ಹಾಗೆ.

ಒಂದಿಡೀ ವರ್ಷ ಅವರಿಬ್ಬರ ನಡುವೆ ಆ ಬುರುಡೆ ಓಡಾಡಿತು. ಅವಳು ನೀರು ಹೊಯ್ದು ಕೊಡುವಳು, ಅವನು ಕೊನೆಯ ಗುಟುಕಿನವರೆಗೂ ಗೊರಗೊರ ಎಳೆದು ಹಿಂದಿರುಗಿಸುವನು.

"ಎಷ್ಟು ಸದ್ದು ಮಾಡ್ತೀಯೋ, ಚರಂಡಿ ಕಟ್ಟಿಕೊಂಡ ಹಾಗೆ," ಎಂದು ಅವಳು ರೇಗಿಸುವಳು.

"ನಿನ್ನ ಕೈದು ಒಂದು ಹನಿನೂ ಬಿಡಬಾರದು ಅಂತ ಕಣೇ."

ಏಪ್ರಿಲ್‌ನಲ್ಲಿ ಅದು ನಿಂತುಹೋಯಿತು.

"ಬೇಡ, ಆಗ್ಲೇ ಕುಡ್ದೆ," ಎಂದ ಒಂದು ದಿನ. ಮರುವಾರವೂ ಅದೇ ಮಾತು. ತಾನೇ ಸುಟ್ಟ ಮಾಂಸವನ್ನೂ ಮುಟ್ಟಲಿಲ್ಲ. ಕೇಳಿದರೆ, "ವಾಸನೆಗೇ ಹೊಟ್ಟೆ ತುಂಬ್ತು ಮಾರಾಯ್ತಿ," ಎಂದು ನಗು. ಎರಡು ವಾರಕ್ಕೊಮ್ಮೆ ಗುರುವಾರ ರಜೆ ಹಾಕಿ ಬೆಳಗಿನ ಬಸ್ಸಿನಲ್ಲಿ ರಾಜಧಾನಿ ಮೊಂಟೆವಿಡಿಯೊಗೆ ಹೋಗುತ್ತಿದ್ದ. ಯಾಕೆಂದು ಹೇಳುತ್ತಿರಲಿಲ್ಲ.

ಇಷ್ಟು ಪುಟ್ಟ ದೇಶದಲ್ಲಿ ಗುಟ್ಟು ಎಷ್ಟು ದಿನ ಉಳಿದೀತು? ಮಾಂಸದಂಗಡಿಯ ದೊರಿಲಾ ಒಂದು ದಿನ ಕೌಂಟರಿನ ಮೇಲೆ ಬಗ್ಗಿದಳು.

"ನಾನು ಹೇಳ್ದೆ ಅಂತ ಹೇಳಬೇಡ ನಿಬಿಯಾ. ತಿಂಗಳಾಯ್ತು, ಮನೆಗೆ ಅಂತ ಒಂದು ತುಂಡೂ ತಗೊಂಡಿಲ್ಲ ಅವನು. ಗಂಡಸು ಮನೇಲಿ ಉಣ್ಣಲ್ಲ ಅಂದ್ರೆ ಎಲ್ಲೋ ಉಣ್ತಿದಾನೆ ಅಂತ. ಅಲ್ವೇ?"

"ಹಾಗೇನಿಲ್ಲ ಬಿಡು," ಎಂದಳು ನಿಬಿಯಾ. ಮನೆ ಸೇರುವವರೆಗೂ ಅದನ್ನೇ ಹೇಳಿಕೊಂಡಳು. ಹಾಗೇನಿಲ್ಲ… ಹಾಗೇನಿಲ್ಲ…

ಆದರೆ ಅವಳಿಗೆ ಮಾತ್ರ ತಿಳಿದ ಇನ್ನೊಂದು ಸಂಗತಿಯಿತ್ತು. ಎಬೆರ್ ತನ್ನ ಪ್ಯಾಂಟುಗಳನ್ನು ಅವಳ ಹತ್ತಿರವೇ ಕೊಟ್ಟಿದ್ದ. "ಸೊಂಟ ಸ್ವಲ್ಪ ಹಿಡಿದು ಕೊಡು." ಒಮ್ಮೆ ಎರಡಿಂಚು. ಇಪ್ಪತ್ತು ದಿನ ಬಿಟ್ಟು ಮತ್ತೆ ಎರಡಿಂಚು. ಯಾರಿಗಾಗಿ ಇಷ್ಟು ತೆಳ್ಳಗಾಗುತ್ತಿದ್ದಾನೆ? ಆ ರಾಜಧಾನಿಯವಳಿಗಾಗಿ. ಅವಳಿಗಾಗಿ ಸೊಂಟ ಇಳಿಸುತ್ತಾನೆ, ಹೊಲಿಯುವವಳು ನಾನು! ನಿಬಿಯಾ ಮಿಷನ್ ತುಳಿಯುತ್ತಲೇ ಅತ್ತಳು, ಹೊಲಿಗೆ ಸೊಟ್ಟಗಾಯಿತು, ಬಿಚ್ಚಿ ಮತ್ತೆ ಹೊಲಿದಳು.

ಒಬ್ಬ ಹೇಳದೆ ಕೇಳದೆ ಎದ್ದು ಹೋಗಿದ್ದ. ಇನ್ನೊಬ್ಬನೂ ಹೋದರೆ ಎದ್ದು ನಿಲ್ಲುವ ಶಕ್ತಿ ತನ್ನಲ್ಲಿಲ್ಲವೆಂದು ಅವಳಿಗೆ ಸ್ಪಷ್ಟವಾಗಿ ಗೊತ್ತಿತ್ತು.

ಜೂನ್ ತಿಂಗಳ ಭಾನುವಾರ, ನಡು ಮಧ್ಯಾಹ್ನ. ಚಳಿ, ನಮ್ಮ ಕಡೆ ಜೂನ್ ಎಂದರೆ ಚಳಿಗಾಲ. ಮಾಂಸ ಬಡಿಸಿಯಾಗಿತ್ತು, ಪದ್ಧತಿಯಂತೆ ಎಲ್ಲರೂ ಸುಟ್ಟವನಿಗೆ ಚಪ್ಪಾಳೆ ತಟ್ಟಿದರು. ಎಬೆರ್ ಖಾಲಿ ತಟ್ಟೆ ಮುಂದಿಟ್ಟುಕೊಂಡು ತಲೆಬಾಗಿಸಿದ. ಆಗ ನಿಬಿಯಾ ಬುರುಡೆಗೆ ನೀರು ಹೊಯ್ದು, ಅಷ್ಟೂ ಜನರೆದುರು ಅವನ ಮುಂದೆ ಹಿಡಿದಳು.

"ತಗೋ."

"ಬೇಡ ನಿಬಿಯಾ."

"ಯಾಕೆ? ಅವಳ ಮನೇಲಿ ಕುಡ್ಕೊಂಡು ಬಂದ್ಯಾ?"

ಎಬೆರ್ ಅವಳನ್ನು ನೋಡಿದ. ಆಮೇಲೆ ಅವಳ ಕೈಯಿಂದ ಬುರುಡೆ ಕಿತ್ತುಕೊಂಡು ಒಂದು ಗುಟುಕು ಎಳೆದ.

ಮರುಕ್ಷಣ ಅದನ್ನು ನೆಲಕ್ಕೆ ಉಗಿದ.

ಅವಳ ಕಾಲ ಬುಡದಲ್ಲಿ ಹಸಿರು ನೀರು. ಅವಳು ಅದನ್ನೇ ನೋಡುತ್ತ ನಿಂತಳು. ತಲೆ ಎತ್ತುವಷ್ಟರಲ್ಲಿ ಎಬೆರ್ ಗೇಟು ದಾಟಿದ್ದ. "ಥೂ, ಇಂಥಾ ಮನುಷ್ಯ ಅಂದ್ಕೊಂಡಿರಲಿಲ್ಲ," ಎಂದರು ಯಾರೋ.

ಸೋಮವಾರ ಅವಳು ಅಂಗಡಿ ತೆಗೆಯಲಿಲ್ಲ. ಮಂಗಳವಾರವೂ ಇಲ್ಲ. ಒಲೆ ಹಚ್ಚಲಿಲ್ಲ, ತಲೆ ಬಾಚಲಿಲ್ಲ. ಇಷ್ಟೇನಾ ನನ್ನ ಹಣೆಬರಹ… ನನ್ನ ಎಂಜಲು ಅವನಿಗೆ ಅಷ್ಟು ಅಸಹ್ಯವಾಯಿತೇ… ಸತ್ತರೆ ಯಾರಿಗೆ ಗೊತ್ತಾಗುತ್ತದೆ ಎಂದುಕೊಂಡಳು. ಈ ಊರಿನಲ್ಲಿ ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ ಎಂಬುದೂ ಹೊಳೆದು ಇನ್ನಷ್ಟು ಅಳು ಬಂತು.

ಬುಧವಾರ ಬೆಳಿಗ್ಗೆ ಅವನ ಬಟ್ಟೆಯ ಚೀಲ ಕಣ್ಣಿಗೆ ಬಿತ್ತು. ಹೋದ ವಾರ ಕೊಟ್ಟಿದ್ದ. ಅವನ ಬಾಗಿಲಿಗೆ ಎಸೆದು ಬರಬೇಕೆಂದು ಎತ್ತಿಕೊಂಡಳು. ಒಳಗಿದ್ದದ್ದು ಅವಳು ಹಿಂದೆಯೇ ಸೊಂಟ ಹಿಡಿದಿದ್ದ ಬೂದು ಪ್ಯಾಂಟು. ಸೊಂಟದಲ್ಲಿ ಅವಳದೇ ಎರಡು ಸಾಲು ಹೊಲಿಗೆ. ಅದರಾಚೆ, ಇನ್ನೂ ಮೂರಿಂಚು ಒಳಗೆ, ಅವನೇ ಚುಚ್ಚಿಟ್ಟ ಪಿನ್ನು.

ನಿಬಿಯಾ ಟೇಪು ಹಿಡಿದಳು. ಇನ್ನೊಮ್ಮೆ ಹಿಡಿದಳು. ಎರಡೂವರೆ ತಿಂಗಳಲ್ಲಿ ಏಳು ಇಂಚು.

ಹೆಣ್ಣಿಗಾಗಿ ತೆಳ್ಳಗಾಗುವ ಗಂಡಸು ಹೊಸ ಪ್ಯಾಂಟು ಕೊಳ್ಳುತ್ತಾನೆ. ಹಳೆಯದನ್ನೇ ಮೂರನೇ ಸಲ ಹಿಡಿಸಲು ತರುವುದಿಲ್ಲ. ಇಪ್ಪತ್ತು ವರ್ಷದಿಂದ ಜನರ ಸೊಂಟ ಅಳೆಯುತ್ತಿರುವ ತನಗೆ ಇದು ತಿಳಿಯಲಿಲ್ಲವೇ? ಉಗಿದದ್ದೇನೋ ನಿಜ… ಆದರೆ ಆ ಗುಟುಕು ಒಳಗೆ ಇಳಿದಿತ್ತೇ? ಅವಳು ನೆಲ ನೋಡಿದ್ದಳು, ಅವನ ಮುಖ ನೋಡಿರಲಿಲ್ಲ.

ಚಪ್ಪಲಿ ಮೆಟ್ಟುವುದನ್ನೂ ಮರೆತು ಓಡಿದಳು.

ಎಬೆರ್ ಅಡುಗೆಮನೆಯ ಮೇಜಿನಲ್ಲಿ ಒಬ್ಬನೇ ಕೂತಿದ್ದ. ಮುಂದೆ ಒಂದು ಬಟ್ಟಲು, ಅದರಲ್ಲಿ ಬೇಯಿಸಿ ಸೋಸಿದ ಕುಂಬಳಕಾಯಿಯ ತಿಳಿ, ಒಂದು ಟೀ ಚಮಚ. ಅವಳನ್ನು ಕಂಡೊಡನೆ ಬಟ್ಟಲನ್ನು ಕೈಯಿಂದ ಮರೆಮಾಡಿದ.

"ಎಲ್ಲಿ ನೋವು?" ಎಂದಳು.

ಅವನು ಎದೆಯ ನಡುವೆ ಬೆರಳಿಟ್ಟು ತೋರಿಸಿದ. "ಅನ್ನನಾಳದಲ್ಲಿ ಗಡ್ಡೆ. ಕೆಟ್ಟ ಜಾತೀದು. ಗುರುವಾರ ಹೋಗ್ತಿದ್ದದ್ದು ಆಸ್ಪತ್ರೆಗೆ. ಮೊನ್ನೆ ಹೇಗಾದ್ರೂ ನುಂಗೋಣ ಅಂತಿದ್ದೆ ಕಣೇ… ಇಳೀಲಿಲ್ಲ."

ನಿಬಿಯಾ ಹೊಸ್ತಿಲು ದಾಟಿ ಮೇಜಿನ ಹತ್ತಿರ ಬಂದಳು.

"ಮುಂದಿನ ಮಂಗಳವಾರ ಆಪರೇಷನ್. ಉಳಿಯೋ ಆಸೆ ಅರ್ಧಕ್ಕರ್ಧ ಅಂತಾರೆ ಡಾಕ್ಟ್ರು."

"ನಂಗ್ಯಾಕೆ ಹೇಳ್ಲಿಲ್ಲ?"

"ಏನಂತ ಹೇಳ್ಲಿ? ಒಬ್ಬ ಬಿಟ್ಟು ಹೋಗಿದಾನೆ, ನಾನೂ ಹೋಗೋನೇ ಅಂತ್ಲಾ? ಕೆಟ್ಟವನಾಗಿ ಹೋದ್ರೆ ಬೈಕೊಂಡಾದ್ರೂ ಬದುಕ್ತೀಯ. ಸತ್ತು ಹೋದ್ರೆ ಅಳ್ತಾ ಕೂತ್ಬಿಡ್ತೀಯ. ಅದಕ್ಕೇ ನೀನು ಅವಳ ಮನೆ ಅಂದಾಗ ಇಲ್ಲ ಅನ್ನಲಿಲ್ಲ."

"ಮೂರು ದಿನ ಬೈಕೊಂಡೇ ಇದ್ದೆ," ಎಂದಳು ನಿಬಿಯಾ. "ಬದುಕೋಕೆ ಆಗ್ಲಿಲ್ಲ ಎಬೆರ್. ನೀನು ಅಂದ್ರೆ ನಂಗೆ ಪ್ರಾಣ. ಒಂದು ವರ್ಷದಿಂದ ಬಾಯಿಬಿಟ್ಟು ಹೇಳಿರ್ಲಿಲ್ಲ, ಹೇಳಿದ್ರೆ ನೀನೂ ಎದ್ದು ಹೋಗ್ತೀಯೇನೋ ಅಂತ."

ಎಬೆರ್ ಮುಖ ತಿರುಗಿಸಿಕೊಂಡ. ಭುಜ ಅಲುಗುತ್ತಿತ್ತು. ಅಷ್ಟು ದೊಡ್ಡ ಆಳು, ಅಂಗಿಯೊಳಗೆ ಈಗ ಅರ್ಧವೂ ಉಳಿದಿರಲಿಲ್ಲ.

"ನಾನಂದ್ರೆ ಏನಿತ್ತು ಹೇಳು? ಭಾನುವಾರ, ಮಾಂಸ, ಮಾಟೆ. ಮೂರೂ ಹೋಯ್ತು. ತಿನ್ನೋಕಾಗಲ್ಲ, ಕುಡಿಯೋಕಾಗಲ್ಲ. ಇಂಥವನ ಜೊತೆ ಭಾನುವಾರ ಏನ್ ಮಾಡ್ತೀಯ ನೀನು?"

"ಕೂತ್ಕೋತೀನಿ."

"ಎಷ್ಟು ಭಾನುವಾರ ಇದೆಯೋ ಗೊತ್ತಿಲ್ಲ ಕಣೇ."

ನಿಬಿಯಾ ಕುರ್ಚಿ ಎಳೆದುಕೊಂಡು ಅವನ ಪಕ್ಕದಲ್ಲಿ ಕೂತಳು. ಅವನು ಮರೆಮಾಡಿದ್ದ ಬಟ್ಟಲನ್ನು ಮೆಲ್ಲಗೆ ಈಚೆಗೆಳೆದು, ಚಮಚದ ತುದಿಯಲ್ಲಿ ಒಂದಿಷ್ಟು ತಿಳಿ ತೆಗೆದು ಅವನ ತುಟಿಯ ಹತ್ತಿರ ಹಿಡಿದಳು.

"ಇವತ್ತು ಬುಧವಾರ. ಮೊದ್ಲು ಇವತ್ತು ಕೂರೋಣ."

ಅವನು ಬಾಯಿ ತೆರೆದ. ಇಳಿಯುವುದಕ್ಕೆ ಬಹಳ ಹೊತ್ತು ಹಿಡಿಯಿತು. ಅವಳು ಕಾದಳು.

"ನಂಗೆ ಭಯ ಆಗ್ತಿದೆ ನಿಬಿಯಾ."

"ನಂಗೂ," ಎಂದಳು ಅವಳು, ಅವನ ತುಟಿಯನ್ನು ತನ್ನ ಬರಿಗೈಯಿಂದ ಒರೆಸುತ್ತ. "ನಿಂಗಿಂತ ಜಾಸ್ತಿ. ಇನ್ನೊಂದು ಚಮಚ ತಗೋ."