ಬೋಜಮ್ಮ ಕೊಟ್ಟ ಕೋಟು

ನಮ್ಮದು ದೆಹಲಿಯ ವಸಂತ್ ಕುಂಜ್ ಬಡಾವಣೆ. ಪಕ್ಕದ ಫ್ಲ್ಯಾಟಿನ ಬೋಜಮ್ಮ, ಹಿಮದಲ್ಲಿ ಸಿಲುಕಿ ತೀರಿಕೊಂಡ ಗಂಡನ ಮಿಲಿಟರಿ ಕೋಟನ್ನು ‘ಅಗಲಿಕೆ’ ಎಂಬ ನಮ್ಮ ಸಮೂಹ ಕಲಾಪ್ರದರ್ಶನಕ್ಕೆಂದು ಕೊಟ್ಟರು. “ಕತ್ತರಿ ಮಾತ್ರ ಹಾಕ್ಬೇಡಮ್ಮ” ಎಂದಿದ್ದರು. ನಾನು ಒಂದು ತೋಳನ್ನು ಕತ್ತರಿಸಿ, ಬಣ್ಣ ಬಳಿದ ಕ್ಯಾನ್ವಾಸಿಗೆ ಅಂಟಿಸಿದೆ.

ಮೇ ತಿಂಗಳ ಬಿಸಿಲಲ್ಲೂ ಅಂಟು ಒಣಗಲಿಲ್ಲ. ಬಟ್ಟೆ ತಣ್ಣಗೆ ಕೊರೆಯುತ್ತಿತ್ತು. ಪ್ರದರ್ಶನದಲ್ಲಿ ಮುಟ್ಟಿ ಬೆರಗಾದವರಿಗೆ, “ಅದು ನನ್ನ ಟೆಕ್ನಿಕ್” ಎಂದು ಹೇಳಿಕೊಂಡೆ.

ಅಷ್ಟರಲ್ಲಿ ಬೋಜಮ್ಮ ಬಂದರು. ಬೈಯಲಿಲ್ಲ. ತೋಳಿನ ತುದಿಯೊಳಗೆ ಬೆರಳು ತೂರಿಸಿದರು. ನಾನು ತಲೆ ತಗ್ಗಿಸಿ, “ಬನ್ನಿ ಆಂಟಿ, ಕೂತ್ಕೊಳ್ಳಿ” ಎಂದೆ.

“ಹೇಗೆ ಬರ್ಲಿ? ಅವರು ಕೈ ಬಿಡ್ತಾ ಇಲ್ಲ” ಎಂದರು.

ನಾಚಿಕೆಯಿಂದ ಅವರ ಮುಖ ನೋಡಲಾರದೆ ಕ್ಯಾನ್ವಾಸಿನತ್ತ ತಿರುಗಿದೆ. ನಾನು ಚಪ್ಪಟೆಯಾಗಿ ಅಂಟಿಸಿದ್ದ ತೋಳು ತುಂಬಿಕೊಂಡು ದುಂಡಗಾಗಿತ್ತು.