ಪಟ್ಟಿಯ ಹನ್ನೆರಡನೆಯವನು

ಜೂನ್ 20, ಬೆಳಿಗ್ಗೆ 9.10. ಚಿಕಿತ್ಸಾಲಯದ ವೈದ್ಯ ಪ್ರೆಂಟಿಸ್, ಟ್ರೌಟ್ ಕ್ರೀಕ್ ಊರಿನ ಪೊಲೀಸ್ ಠಾಣೆಗೆ ಬಂದು ದೂರು ಕೊಟ್ಟರು: ಬೀಗ ಹಾಕಿದ ಕಪಾಟಿನಿಂದ ಎರಡು ಮಾತ್ರೆ ಕಾಣೆ. ಯುದ್ಧದಿಂದ ಮನಸ್ಸು ಮುರಿದು ಬಂದವರಿಗೆಂದು ಅಣಬೆಯ ಸತ್ವದಿಂದ ಮಾಡಿದ ಮದ್ದು ಅದು. ವೈದ್ಯರು ಅದನ್ನು ಕೊಡಬಹುದೆಂದು ರಾಜ್ಯ ಮಾರ್ಚ್‌ನಲ್ಲೇ ಕಾನೂನು ತಿದ್ದಿತ್ತು. ಮದ್ದು ಆಗಲೇ ಬಂದು ಕಪಾಟು ಸೇರಿತ್ತು, ಜಾರಿ ಮಾತ್ರ ಜುಲೈ ಒಂದಕ್ಕೆ. ಅದಕ್ಕೆ ಮುಂಚೆ ಕೊಟ್ಟರೆ ಜೈಲು. ಯಾವ ಪುಣ್ಯಾತ್ಮನ ತಲೆಗೆ ಹೊಳೆಯಿತೋ!

ಡಿಟೆಕ್ಟಿವ್ ಲಿಂಡ್‌ಗ್ರೆನ್, ಪೇದೆ ಪೆಟ್ರಾ ವಿಜಿಲ್ ಸ್ಥಳ ಮಹಜರು ಮಾಡಿದರು. ಬೀಗ ಮುರಿದಿರಲಿಲ್ಲ. ಹಾಳಾದ ಔಷಧಗಳ ಪುಸ್ತಕವನ್ನು ವೈದ್ಯರು ತೆರೆದೇ ನೋಡಿರಲಿಲ್ಲ. ಅದರಲ್ಲಿ ಜೂನ್ 14ರ ಸಾಲು: "ಎರಡು ಮಾತ್ರೆ ನೆಲಕ್ಕೆ ಬಿದ್ದವು, ನಾಶಪಡಿಸಿದೆ." ಬರೆದವಳು ನರ್ಸ್ ರೋವೀನಾ ಕ್ರೌಚ್. ಇಂಥ ಮದ್ದು ಎಸೆಯುವಾಗ ಇನ್ನೊಬ್ಬ ನರ್ಸ್ ಎದುರಿಗೆ ನಿಂತು ಸಹಿ ಹಾಕಲೇಬೇಕು. ಸಾಕ್ಷಿಯ ಸಹಿ ಅಲ್ಲಿನ ಇನ್ನೊಬ್ಬ ನರ್ಸ್ ಟೆರೆಲ್‌ನದು.

"ಅವತ್ತು ಟೆರೆಲ್ ಎಲ್ಲಿದ್ದ?" ಲಿಂಡ್‌ಗ್ರೆನ್ ಕೇಳಿದರು.

"ಆ ವಾರ ಪೂರ್ತಿ ರಜೆ. ಮೀನು ಹಿಡಿಯೋಕೆ ಹೋಗಿದ್ದ," ಎಂದರು ವೈದ್ಯರು.

"ಗಾಳ ಅಲ್ಲಿ, ಸಹಿ ಇಲ್ಲಿ. ಭಲೇ ಗಂಡು!" ಎಂದಳು ವಿಜಿಲ್.

11.40. ರೋವೀನಾ ಮನೆಯಲ್ಲೇ ಇದ್ದಳು.

"ಕಪಾಟಿನಿಂದ ಮಾತ್ರೆ ತೆಗೆದಿದ್ದು ನೀವಾ?" ಲಿಂಡ್‌ಗ್ರೆನ್ ಕೇಳಿದರು.

"ನಾನೇ."

"ನಿಮ್ಮ ತಮ್ಮ ಎಮೆಟ್‌ಗಾ? ಅವನೂ ಸೈನ್ಯದಲ್ಲಿದ್ದನಲ್ಲ?"

"ಎಮೆಟ್‌ನನ್ನ ಹತ್ತನೇ ತಾರೀಖು ಪಕ್ಕದೂರಲ್ಲಿ ಮಣ್ಣು ಮಾಡಿ ಬಂದೆ ಕಣ್ರೀ. ತಾನೇ ಗುಂಡು ಹಾರಿಸ್ಕೊಂಡ." ಅವಳ ದನಿ ಏರಿತು. "ನಿಮ್ಮ ಗವರ್ನರ್ ಆ ಕಾನೂನಿಗೆ ಸಹಿ ಹಾಕಿ ಫೋಟೋ ತೆಗೆಸ್ಕೊಂಡ್ರಲ್ಲ! ಜುಲೈ ತನಕ ಜೀವ ಹಿಡ್ಕೊಂಡಿರು ಅಂತ ಹೇಳೋಕೆ ಅವರೇನು ಬಂದ್ರಾ?"

"ಮತ್ತೆ ಮಾತ್ರೆ?"

"ಆ ಮದ್ದಿಗೆ ಕಾಯೋರ ಪಟ್ಟೀಲಿ ಎಮೆಟ್ ಹನ್ನೊಂದನೆಯವನು. ಹನ್ನೆರಡನೆಯವನು ಡ್ವೈಟ್. ಅವನಿಗೆ ಒಂದು ಕೊಟ್ಟು, ಅದರ ಅಮಲು ಇಳಿಯೋ ತನಕ ಎಂಟು ಗಂಟೆ ಹೊತ್ತು ಪಕ್ಕದಲ್ಲೇ ಕೂತಿದ್ದೆ. ಇನ್ನೊಂದು ಈ ಶನಿವಾರಕ್ಕೆ, ಅವನ ಮನೇಲೇ ಇದೆ."

ಲಿಂಡ್‌ಗ್ರೆನ್ ಬೇಡಿ ಹಾಕಿದರು. 2.15ಕ್ಕೆ ಡ್ವೈಟ್‌ನ ಮನೆಯಲ್ಲಿ ಎರಡನೆಯ ಮಾತ್ರೆ ಜಪ್ತಿಯಾಯಿತು. ಅವನು ವಾದ ಮಾಡಲಿಲ್ಲ. "ಈ ವಾರ ನಿದ್ದೆ ಬಂದಿತ್ತು ಸಾರ್," ಎಂದ, ಅಷ್ಟೇ.

4.30ಕ್ಕೆ ವೈದ್ಯರ ಫೋನ್: ಕದ್ದ ಮದ್ದು ತೆಗೆದುಕೊಂಡವನಿಗೆ ಚಿಕಿತ್ಸೆ ಇಲ್ಲ, ನಿಯಮದಂತೆ ಡ್ವೈಟ್‌ನ ಹೆಸರನ್ನು ಪಟ್ಟಿಯಿಂದ ಹೊಡೆದುಹಾಕಿದೆ.

"ಥೂ, ನಿಮ್ಮ ನಿಯಮಕ್ಕಿಷ್ಟು!" ಲಿಂಡ್‌ಗ್ರೆನ್ ಫೋನ್ ಕುಕ್ಕಿದರು. ವರದಿಯಲ್ಲಿ ಉದ್ದೇಶದ ಜಾಗದಲ್ಲಿ ಬರೆದರು: "ತಮ್ಮನನ್ನು ಉಳಿಸಿಕೊಳ್ಳಲಾಗಲಿಲ್ಲ. ಮುಂದಿನವನನ್ನು ಉಳಿಸಲು ಹೋದಳು."

ಲಾಕಪ್ಪಿನಲ್ಲಿದ್ದ ರೋವೀನಾಗೆ ಅವರು ವಿಜಿಲ್ ಜೊತೆ ಹೋಗಿ ಸುದ್ದಿ ಹೇಳಿದಾಗ ಅವಳು ವಕೀಲರನ್ನು ಕೇಳಲಿಲ್ಲ.

"ಡ್ವೈಟ್‌ಗೆ ಹೇಳಿಬಿಟ್ರಾ?"

"ಹೇಳಿದಾರಂತೆ."

"ಅವನ ಹತ್ರ ಈಗ ಯಾರಿದಾರೆ?"

ವಿಜಿಲ್ ಆಗಲೇ ಜೀಪಿನ ಕೀ ತೆಗೆದುಕೊಂಡು ಓಡಿದ್ದಳು.